ಗಲ್ಫ್ ಡಬ್ಬ ಕೇಳುವ ಗ್ಲೆನಿಟಾ ಸಿಸ್ಟರ್

ಕೊಡಿಯಾಲ್‌ಬೈಲಿನಲ್ಲಿ ಬಸ್ಸುಗಳ ಹಾರ್ನ್ ಇನ್ನೂ ಜೋರಾಗಿಲ್ಲ. ಅಲ್ಲಿನ ಖಾಸಗಿ ಆಸ್ಪತ್ರೆಯೊಂದರ ಮೂಳೆ ವಿಭಾಗದಲ್ಲಿ ನರ್ಸ್ ಗ್ಲೆನಿಟಾ ಕೈ ತೊಳೆದು ಬಂದು, ಪಾತುಮ್ಮ ಅವರ ಹೊದಿಕೆಯನ್ನು ಮೆಲ್ಲಗೆ ಸರಿಸುತ್ತಾರೆ. ನಿನ್ನೆಯಷ್ಟೇ ಮಂಡಿ ಬದಲಿಸಿದ ಕಾಲು. ಬ್ಯಾಂಡೇಜಿನ ಮೇಲಿನ ಸಣ್ಣ ಕಲೆ ನಿನ್ನೆ ಸಂಜೆ ಇದ್ದಷ್ಟೇ ಇದೆ, ಹರಡಿಲ್ಲ. ಕಾಲಿನ ಅಡಿಗೂ ಕೈಯಾಡಿಸುತ್ತಾರೆ. ರಕ್ತ ಕಣ್ಣು ತಪ್ಪಿಸಿ ಹಿಂದಕ್ಕೆ ಇಳಿಯುವುದುಂಟಂತೆ. ಅಲ್ಲಿಯೂ ಒದ್ದೆಯಿಲ್ಲ.

“ಎಂತ ಉಂಟು ಸಿಸ್ಟರ್?” ಪಾತುಮ್ಮ ಕಣ್ಣು ಮುಚ್ಚಿಕೊಂಡೇ ಕೇಳುತ್ತಾರೆ.

“ಎಂತ ಇಲ್ಲ ಉಮ್ಮ. ನಿಮಗೆ ರಕ್ತ ಕೊಡುವುದು ಬೇಡ ಅಂತ ಡಾಕ್ಟರ್ ಹೇಳಿ ಆಯ್ತು. ನೀವು ಗಂಜಿ ಕುಡೀರಿ.”

ಬಾಗಿಲಲ್ಲಿ ನಿಂತಿದ್ದ ಮಗಳು ರುಖಿಯಾ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಡುತ್ತಾರೆ. ಗ್ಲೆನಿಟಾರ ಕೆಲಸ ನೋಡಿ ಬರೆಯಲು ಬಂದ ನನಗೂ ಉಸಿರು ಹಗುರಾಗುತ್ತದೆ.

ಗ್ಲೆನಿಟಾ ವಾಮಂಜೂರಿನವರು. ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ಮನೆ ಸೇರುವಾಗ ಸಂಜೆ. ಗಂಡ ಬಾಸಿಲ್ ಕುವೈತಿನಲ್ಲಿದ್ದಾರೆ. ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಪೋಲಾಗದಂತೆ ಡಾಕ್ಟರು ಇಂಜೆಕ್ಷನ್ ಕೊಡುತ್ತಾರೆ, ಬಿಗಿಯಾಗಿ ಪಟ್ಟಿ ಕಟ್ಟುತ್ತಾರೆ. ಆಮೇಲೆ ಐಸ್ ಇಡುವುದು, ಕಾಲನ್ನು ದಿಂಬಿನ ಮೇಲೇರಿಸುವುದು, ಬ್ಯಾಂಡೇಜಿನ ಮೇಲೆ ಕಣ್ಣಿಡುವುದು ಗ್ಲೆನಿಟಾರ ಪಾಲು. ದಿನಕ್ಕೆ ಎರಡು ಮೂರು ಮಂಡಿಗಳಾದರೂ ಇರುತ್ತವೆ. ಆದರೆ ಅವರ ಅಸಲಿ ಕೆಲಸ ಶುರುವಾಗುವುದು ಅದಕ್ಕೂ ಮೊದಲೇ, ಒಂದು ಪ್ರಶ್ನೆಯಿಂದ.

“ಮದ್ದು ಎಂತ ತಗೊಳ್ತೀರಿ ಅಂತ ಕೇಳಿದ್ರೆ ಎಲ್ಲರೂ ಇಲ್ಲ ಅಂತಲೇ ಹೇಳುವುದು. ನಾನು ಗಲ್ಫ್‌ನಿಂದ ಎಂತ ಬಂದಿದೆ ಅಂತ ಕೇಳ್ತೇನೆ. ಆಗ ಬಾಯಿ ಬಿಡ್ತಾರೆ” ಎಂದು ನಗುತ್ತಾರೆ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಮ್ಮೂರಿನಲ್ಲಿ ಗಲ್ಫ್‌ನ ಮಾತ್ರೆಯೂ ಮದ್ದಲ್ಲ! ಅದು ಖರ್ಜೂರ, ಸೆಂಟು, ಚಾಕಲೇಟಿನ ಜೊತೆ ಬರುವ ಪ್ರೀತಿ. ನೆರೆಮನೆಗೂ ಎರಡು ಹಂಚುತ್ತೇವೆ. “ನಮ್ಮ ಮನೆಯಲ್ಲೇ ಉಂಟಲ್ಲ! ಬಾಸಿಲ್ ತಂದ ಮೀನೆಣ್ಣೆ ಮಾತ್ರೆಯನ್ನು ಅತ್ತೆ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ರು” ಎನ್ನುತ್ತಾರೆ ಗ್ಲೆನಿಟಾ.

ಪಾತುಮ್ಮ ಅವರಿಗೆ ಮೊದಲೇ ಮೈಯಲ್ಲಿ ರಕ್ತ ಕಡಿಮೆ. ಹೆಚ್ಚು ಹರಿದರೆ ಜೀವಕ್ಕೇ ಸಂಚಕಾರ. ಶಸ್ತ್ರಚಿಕಿತ್ಸೆಗೆಂದೇ ಮಗ ರಾಝಿಕ್ ದಮ್ಮಾಮಿನಿಂದ ಸಣ್ಣ ರಜೆಯಲ್ಲಿ ಬಂದಿದ್ದರು. ದಾಖಲಾದ ದಿನ ಗ್ಲೆನಿಟಾ ತಮ್ಮ ಪ್ರಶ್ನೆ ಕೇಳಿದರು. ಪಾತುಮ್ಮ ಹೆಮ್ಮೆಯಿಂದಲೇ ಚೀಲದಿಂದ ಚಾಕಲೇಟಿನ ಡಬ್ಬ ತೆಗೆದರು. ಒಳಗೆ ಮಗ ಕಳುಹಿಸಿದ ನೋವಿನ ಮಾತ್ರೆ. ದಿನಾ ನುಂಗುತ್ತಿದ್ದರು, ಅವತ್ತು ಬೆಳಿಗ್ಗೆಯೂ ನುಂಗಿದ್ದರು. ಅದು ರಕ್ತ ಬೇಗ ಹೆಪ್ಪುಗಟ್ಟಲು ಬಿಡದ ಜಾತಿಯ ಮಾತ್ರೆ. ಗ್ಲೆನಿಟಾ ಡಬ್ಬವನ್ನು ಡಾಕ್ಟರ ಮೇಜಿನ ಮೇಲಿಟ್ಟರು. ಡಾಕ್ಟರು ಮಾತ್ರೆ ನಿಲ್ಲಿಸಿ, ರಕ್ತ ಹೆಚ್ಚಲು ಔಷಧ ಕೊಟ್ಟು, ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರು.

ರಾಝಿಕ್ ರಜೆ ಅಷ್ಟರಲ್ಲಿ ಮುಗಿಯುತ್ತಿತ್ತು. ಅವರ ಸಿಟ್ಟೆಲ್ಲ ತಿರುಗಿದ್ದು ನರ್ಸಮ್ಮನ ಮೇಲೆ. “ಒಂದು ಮಾತ್ರೆಗೆ ಇಷ್ಟು ರಗಳೆಯಾ? ನಾನು ಟಿಕೆಟ್ ಮಾಡಿ ಬಂದದ್ದು ಎಂತಕ್ಕೆ ಮತ್ತೆ?” ಎಂದು ವಾರ್ಡೇ ಕೇಳುವಂತೆ ಕೂಗಾಡಿದ್ದರಂತೆ. ಅದನ್ನು ನೆನೆದು ಗ್ಲೆನಿಟಾ ಹೇಳುತ್ತಾರೆ: “ಮನೆಗೆ ಹೋಗಿ ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳಲಿ? ನಮ್ಮವರೂ ದೂರ ಇರುವುದಲ್ವಾ, ಅವರ ಸಂಕಟ ನನಗೆ ಗೊತ್ತುಂಟು.”

ರಾಝಿಕ್ ವಾಪಸು ಹೋದರು. ನಿನ್ನೆ ಮಗನಿಲ್ಲದೆಯೇ ಶಸ್ತ್ರಚಿಕಿತ್ಸೆ ನಡೆಯಿತು. ರಕ್ತ ಕೊಡಲು ಬಂದು ವರಾಂಡದಲ್ಲಿ ಕೂತಿದ್ದ ನೆಂಟರು ಚಹಾ ಕುಡಿದು ಮನೆಗೆ ಹೋದರು.

ನಾನು ಹೊರಡುವ ಹೊತ್ತಿಗೆ ರುಖಿಯಾರ ಫೋನಿನಲ್ಲಿ ರಾಝಿಕ್ ಮುಖ. ಗಂಜಿ ಕುಡಿಯುತ್ತಿರುವ ತಾಯಿಯನ್ನು ನೋಡುತ್ತ ಅವರು ಕಣ್ಣು ತುಂಬಿಕೊಳ್ಳುತ್ತಾರೆ. ಕೊನೆಗೆ ಸಿಸ್ಟರಿಗೆ ಫೋನು ಕೊಡಲು ಹೇಳುತ್ತಾರೆ.

“ಸಿಸ್ಟರ್, ನಾನು ಕಳಿಸಿದ್ದರಿಂದಲೇ ಉಮ್ಮನಿಗೆ ಏನಾದ್ರೂ ಆಗಿದ್ದರೆ?”

“ಆಗಲಿಲ್ಲ ಅಲ್ವಾ ಮಾರಾಯ್ರೆ” ಎನ್ನುತ್ತಾರೆ ಗ್ಲೆನಿಟಾ. “ನೀವಿನ್ನು ಕಣ್ಣೊರೆಸಿ ಡ್ಯೂಟಿಗೆ ಹೋಗಿ. ಉಮ್ಮನನ್ನು ನಾನು ನೋಡಿಕೊಳ್ತೇನೆ.”