ಮಗ್ಗ ನಿಂತಾಗ ಕೇಳಿದ ಮಾತು

ನಮ್ಮ ಬನಹಟ್ಟಿಯಲ್ಲಿ ಮಾತಾಡುವುದೆಂದರೆ ಒದರುವುದು. ಓಣಿಯ ಆಚೆ ಈಚೆ ಪಾವರ್‌ಲೂಮು ಬಡಿಯುತ್ತಿರುವಾಗ ಮೆಲ್ಲಗೆ ಆಡಿದ ಮಾತು ಆಡಿದವರಿಗೇ ಕೇಳುವುದಿಲ್ಲ. ಇಂಥ ಓಣಿಯಿಂದ ಎದ್ದ ಕಾಂಚನಾ ಧಾರವಾಡದಲ್ಲಿ ಭಾಷಾಶಾಸ್ತ್ರದ ಎಂ.ಎ.ಗೆ ಸೇರಿದಳು. ಕೂಸೊಂದು ಎರಡು ಭಾಷೆಗಳನ್ನು ಒಟ್ಟಿಗೇ ಹೇಗೆ ಕಲಿಯುತ್ತದೆ ಎಂಬುದು ಅವಳ ಪ್ರಬಂಧ. ಅದಕ್ಕಾಗಿ ಊರೂರು ತಿರುಗಬೇಕಿರಲಿಲ್ಲ. ಅಣ್ಣ ಮುತ್ತಣ್ಣನ ಮಗಳು ಕಾವ್ಯ ಮನೆಯಲ್ಲೇ ಇದ್ದಳು; ಅವಳ ತಾಯಿ ವಂದನಾ ಇಚಲಕರಂಜಿಯ ಮರಾಠಿ ಮನೆಯವಳು.

ಆದರೆ ಆ ಮನೆಯಲ್ಲಿ ಮರಾಠಿ ಕೇಳುತ್ತಿರಲಿಲ್ಲ. ಮೂರು ತುಂಬಿದರೂ ಕಾವ್ಯಳಿಗೆ ಮಾತು ಸರಿಯಾಗಿ ಬರದಿದ್ದಾಗ ಅಜ್ಜಿ ಬೋರವ್ವ ಕಟ್ಟು ಮಾಡಿದ್ದಳು: ಕೂಸಿನ ಮುಂದೆ ಮರಾಠಿ ಆಡಕೂಡದು.

ರಜೆಗೆ ಬಂದ ಕಾಂಚನಾ ತಾಯಿ ಬೋರವ್ವನಿಗೆ ತಿಳಿಸಿ ಹೇಳಿದಳು. “ಎರಡು ಭಾಷಾ ಕೇಳಿದ್ರ ಕೂಸು ಕೆಡೂದಿಲ್ಲ ಬೇ ಅವ್ವ. ಕೆಲವು ತಡಾ ಮಾತಾಡ್ತಾವ, ಅಷ್ಟ.”

“ನಿನ್ನ ಪುಸ್ತಕ ಎಷ್ಟು ಕೂಸು ಹಡದಾವ? ನೂಲು ಸಿಕ್ಕಾದ್ರ ಬಿಡಸಾಕಿ ನಾನು.”

ಮುತ್ತಣ್ಣ ನಕ್ಕ. “ದೀಪಾವಳಿಗೆ ನಿನ್ನ ಎಂ.ಎ. ಮುಗೀಲಿಲ್ಲಂದ್ರ ಮಗ್ಗಕ್ಕ ನೂಲಿನ ಕಂಡಿಕಿ ಸುತ್ತಾಕ ಬಂದು ಕುಂಡ್ರು. ಅದಕ್ಕ ಯಾವ ಭಾಷಾನೂ ಬ್ಯಾಡ.”

ಅವನು ತಮಾಷೆಗೆ ಅಂದದ್ದಲ್ಲ. ಕೂಸು ಎರಡೂ ಭಾಷೆ ಆಡುವುದನ್ನು ರೆಕಾರ್ಡ್ ಮಾಡಿ ತರದಿದ್ದರೆ ಪ್ರಬಂಧವೇ ಇಲ್ಲ ಎಂದು ಧಾರವಾಡದ ಮೇಡಂ ಹೇಳಿಬಿಟ್ಟಿದ್ದರು.

ಒಂದು ದಿನ ಚಹಾ ಹಿಡಿದು ಮಗ್ಗದ ಮನೆಗೆ ಹೋದ ಕಾಂಚನಾ ಬಾಗಿಲಲ್ಲೇ ನಿಂತಳು. ಮಗ್ಗಗಳ ಗದ್ದಲದ ನಡುವೆ ವಂದನಾ ಬಗ್ಗಿ ಮಗಳ ಕಿವಿಯಲ್ಲಿ ಮರಾಠಿ ಒದರುತ್ತಿದ್ದಳು. ಕಾವ್ಯ ಮರಾಠಿಯಲ್ಲೇ ಉತ್ತರ ಒದರುತ್ತಿದ್ದಳು. ಅಡುಗೆಮನೆಯ ಅಜ್ಜಿಗೆ ಒಂದು ಅಕ್ಷರವೂ ಮುಟ್ಟುತ್ತಿರಲಿಲ್ಲ.

“ಅತ್ತಿಯವರಿಗೆ ಹೇಳಬ್ಯಾಡ, ಕಾಂಚನಾ.”

“ನಾ ಯಾಕ ಹೇಳಲಿ ವೈನಿ. ನಿಮ್ಮ ಮಾತು ಫೋನಿನಾಗ ಹಿಡಕೊಳ್ಳಲೇನು?”

ವಂದನಾ ಮಗ್ಗಗಳ ಕಡೆ ನೋಡಿದಳು. “ಈ ಗದ್ದಲದಾಗ ಏನ್ ಕೇಳತೈತಿ? ಹಿಡಕೋ.”

ಖರೆ, ಏನೂ ಕೇಳಲಿಲ್ಲ. ಸದ್ದಿಲ್ಲದ ಕಡೆ ರೆಕಾರ್ಡ್ ಮಾಡು ಎಂದರು ಮೇಡಂ. ಸದ್ದಿಲ್ಲದ ಕಡೆ ಆ ತಾಯಿಮಗಳು ಮರಾಠಿ ಆಡುವವರಲ್ಲ.

ಮುತ್ತಣ್ಣ ನೂಲು ತರಲು ರಬಕವಿಗೆ ಹೋದ ಒಂದು ಮುಂಜಾನೆ, ಓಣಿಯ ಬೇರೆ ಮಗ್ಗಗಳು ಇನ್ನೂ ಶುರುವಾಗುವ ಮುಂಚೆ, ಕಾಂಚನಾ ಫೋನನ್ನು ಕೂಸಿನ ಪಕ್ಕ ಇಟ್ಟು, ಗೋಡೆಯ ಮೇನ್ ಸ್ವಿಚ್ ಕೆಳಗೆಳೆದಳು. ಕರೆಂಟ್ ಹೋಯಿತೆಂದುಕೊಂಡು ಮೆಲ್ಲಗೆ ಒಂದೆರಡು ಮಾತು ಆಡಿಯಾರು, ಅಷ್ಟು ಸಾಕು ಎಂಬ ಲೆಕ್ಕ. ಮಗ್ಗದವರ ಗಂಟಲು ಮಗ್ಗದ ಜೊತೆಗೇ ಇಳಿಯುವುದಿಲ್ಲ ಎಂಬುದನ್ನು ಮಗ್ಗದ ಮನೆಯಲ್ಲೇ ಹುಟ್ಟಿದವಳು ಮರೆತಿದ್ದಳು.

“ಮಲಾ ಪಣ ದೇ” ಎಂದು ಕಾವ್ಯ ಒದರಿದ್ದು, ನನಗೂ ಕೊಡು ಅಂತ, ಇಡೀ ಮನೆಗೆ ಕೇಳಿತು. “ಥಾಂಬ, ದೇತೇ” ಎಂದು ತಾಯಿ ಒದರಿದ್ದೂ, ತಡಿ ಕೊಡ್ತೇನಿ ಅಂತ, ಕೇಳಿತು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ಬೋರವ್ವ ಬಂದಳು. ಬೈಯಲಿಲ್ಲ. ಹಿಟ್ಟಿನ ಕೈಯಲ್ಲೇ ಮೊಮ್ಮಗಳನ್ನು ಎತ್ತಿಕೊಂಡಳು. “ಕೂಸು ಇನ್ಮ್ಯಾಲೆ ನನ್ನ ಹಂತ್ಯಾಕ ಇರತೈತಿ. ಇಲ್ಲಿ ಧೂಳ ಬಾಳ.”

“ಸ್ವಿಚ್ ಆರಿಸಿದಾಕಿ ನಾನು ಬೇ. ವೈನೀದು ಏನೂ ತಪ್ಪಿಲ್ಲ” ಎಂದಳು ಕಾಂಚನಾ.

“ಛಲೋ ಮಾಡಿದಿ. ಇಲ್ಲಂದ್ರ ನನಗ ಹೆಂಗ ಗೊತ್ತಾಗತಿತ್ತು?”

ಫೋನಿನಲ್ಲಿ ಆ ಎರಡು ಮಾತು ಗಂಟೆ ಹೊಡೆದಂತೆ ಬಂದಿದ್ದವು. ಕೇಳಿದ ಮೇಡಂಗೆ ಬಹಳ ಸಂತೋಷವಾಯಿತು. ಇಂಥವೇ ಇನ್ನಷ್ಟು ಬೇಕು, ಬೇಗ ಕಳಿಸು ಎಂದರು. ಆಗಲಿ ಮೇಡಂ ಎಂದಳು ಕಾಂಚನಾ. ಬೇರೇನು ಹೇಳಿಯಾಳು? ಈಗ ಕಾವ್ಯ ಅಜ್ಜಿಯ ಸೆರಗು ಹಿಡಿದು ಒಲೆಯ ಮುಂದೆ ಕೂಡುತ್ತಾಳೆ. ಮೊದಲಿಗಿಂತಲೂ ಕಡಿಮೆ ಮಾತಾಡುತ್ತಾಳೆ. ನೋಡು, ಮರಾಠಿ ಕೇಳಿ ಕೂಸು ಎಷ್ಟು ಕೆಟ್ಟಿತ್ತು ಅನ್ನುತ್ತಾಳೆ ಬೋರವ್ವ.

ದೀಪಾವಳಿ ಹತ್ತಿರ ಬಂದಿದೆ. ಕಾಂಚನಾ ಈಗಲೇ ವೈನಿಯ ಪಕ್ಕ ಕೂತು ಕಂಡಿಕಿ ಸುತ್ತುತ್ತಾಳೆ. ಮೊನ್ನೆ, ಮಗ್ಗಗಳೆಲ್ಲ ಜೋರಾಗಿ ನಡೆದಿದ್ದಾಗ, ತಾನು ಕಲಿತ ಹರಕುಮುರುಕು ಮರಾಠಿಯಲ್ಲಿ ವೈನಿಯ ಕಿವಿಯ ಹತ್ತಿರ ಒದರಿ ಕೇಳಿದಳು, ಹೇಗಿದ್ದೀರಿ ಅಂತ.

ವಂದನಾ ಅವಳ ಕೈ ನೋಡಿದಳು, ಮಡಿಲು ನೋಡಿದಳು.

“ಫೋನ್ ಎಲ್ಲೈತಿ?”

“ಒಳಗ ಇಟ್ಟು ಬಂದೇನಿ ವೈನಿ.”

ವಂದನಾ ಹರಿದ ಎಳೆಯನ್ನು ಹುಡುಕಿ ಗಂಟು ಹಾಕಿದಳು. ಆಮೇಲೂ ಕನ್ನಡದಲ್ಲೇ ಹೇಳಿದಳು:

“ಕಂಡಿಕಿ ತೀರಿದಾವ. ಕೊಡು.”