ಕೊಳದ ನೀರು ಹದಕ್ಕೆ ಬಂದ ಮಂಗಳವಾರ

ಶಿವರಾತ್ರಿ ಕಳೆದು ಬಿಸಿಲು ಚುರುಕಾಗುತ್ತಿದ್ದಂತೆ, ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದ ಸುತ್ತ ಒಂದು ಸಣ್ಣ ವಿದ್ವತ್ಸಭೆ ನೆರೆಯುತ್ತದೆ. ‘ಔಷಧಿ ಹಾಕಿದೆ, ಎರಡು ದಿನ ಇಳಿಯಬೇಡಿ’ ಎಂಬ ಬೋರ್ಡನ್ನು ಓದಿದ ಮೇಲೂ ಜನ ಅಂಚಿನಲ್ಲಿ ಬಾಗಿ ನಿಂತು, ತಳ ಕಾಣಿಸುತ್ತಿದೆಯಲ್ಲ, ಇಷ್ಟು ತಿಳಿಯಾದ ನೀರಿಗೆ ಇನ್ನೇನು ರೋಗ ಎಂದು ತರ್ಕಿಸುತ್ತಾರೆ. ನಾನು ಬೆಂಚಿನ ಮೇಲೆ ಕೂತು, ಹೊಸದಾಗಿ ಕಲಿತ ವಿದ್ಯೆಯ ಹುಮ್ಮಸ್ಸಿನಲ್ಲಿ ಫೋನಿನ ಮೇಲೆ ಒಂದೊಂದೇ ಅಕ್ಷರ ಕುಟ್ಟುತ್ತ, ಒಳಗೊಳಗೇ ನಗುತ್ತೇನೆ. ತಿಳಿನೀರನ್ನು ನಂಬಿ ನೆರೆಹೊರೆಯ ಹೆಂಗಸರ ಮುಖಕ್ಕೆಲ್ಲ ಬಣ್ಣ ಬಳಿದ ಕೀರ್ತಿ ನನ್ನದು.

ಅದು ಅರವತ್ತರ ದಶಕದ ಮಾತು. ಹೆಬ್ಬಾಳದ ಆಚೆ, ದ್ರಾಕ್ಷಿ ತೋಟಗಳ ನಡುವೆ, ನಿವೃತ್ತ ಎಂಜಿನಿಯರರೊಬ್ಬರ ಬಂಗಲೆ. ಅದರ ಹಿತ್ತಲಲ್ಲಿ ಒಂದು ಈಜುಕೊಳ. ತೋಟಕ್ಕೂ ಕೊಳಕ್ಕೂ ನಮ್ಮಪ್ಪನೇ ಉಸ್ತುವಾರಿ. ಮಳೆಗಾಲದಿಂದ ಶಿವರಾತ್ರಿಯವರೆಗೆ ಅದು ಕಪ್ಪೆಗಳ ಸಂಸ್ಥಾನ. ಬೇಸಿಗೆ ಬಂದಾಗ ಅಪ್ಪ ಹಸಿರು ನೀರನ್ನು ಹೊರಹಾಕಿ, ಪಾಚಿ ಉಜ್ಜಿ, ಬಾವಿಯ ನೀರು ತುಂಬಿಸುತ್ತಿದ್ದ. ಅನಂತರ ಪಾಚಿ ಮತ್ತೆ ಕಟ್ಟದಂತೆ ಬ್ಲೀಚಿಂಗ್ ಪೌಡರು. ಮಣ್ಣು ತಳಕ್ಕೆ ಕೂರಲು ಪಟಿಕ. ಪಟಿಕದಿಂದ ನೀರು ಹುಳಿಯಾದರೆ, ಸಾರಿಗೆ ಬೆಲ್ಲ ಹಾಕುವಂತೆ, ಒಂದಿಷ್ಟು ಸುಣ್ಣದ ನೀರು. ಹದ ತಿಳಿಯಲು ಬಂಗಲೆಯ ಯಜಮಾನರ ಬಳಿ ಒಂದು ಪುಟ್ಟ ಪೆಟ್ಟಿಗೆಯಿತ್ತು. ಗಾಜಿನ ಕೊಳವೆಯಲ್ಲಿ ಕೊಳದ ನೀರು ಹಿಡಿದು ಸೀಸೆಯ ಔಷಧಿಯನ್ನು ಎರಡು ಹನಿ ಬಿಟ್ಟರೆ ಬಣ್ಣವೇ ಉತ್ತರ ಹೇಳುತ್ತಿತ್ತು. ಆ ವರ್ಷ ಸೀಸೆ ಒಣಗಿಹೋಗಿತ್ತು. ಅಪ್ಪ ಹೋದ ವರ್ಷದ ಅಂದಾಜಿನಲ್ಲಿ, ಎರಡು ಬಕೀಟು ಸುಣ್ಣದ ನೀರು ಸಾಕೆಂದು ತೀರ್ಮಾನಿಸಿದ.

ನನಗಾಗ ಹದಿನೇಳು. ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಮೀನಿನಂತೆ ಈಜಾಡಿದ್ದವಳನ್ನು, ದೊಡ್ಡವಳಾದಳೆಂಬ ಒಂದೇ ಕಾರಣಕ್ಕೆ ನಾಲ್ಕು ಬೇಸಿಗೆಗಳಿಂದ ದಡಕ್ಕೆ ಎಸೆದಿದ್ದರು. ಚೊಂಬಿನಿಂದ ಮೈಮೇಲೆ ಸುರಿದುಕೊಳ್ಳುವ ಬಿಸಿನೀರು ಈಜಿದವಳಿಗೆ ಯಾವ ಸಮಾಧಾನ ಕೊಟ್ಟೀತು? ಅಂಥ ಹೊತ್ತಿನಲ್ಲಿ ಪಕ್ಕದ ಮನೆಯ ಖುರ್ಷಿದ್ ಟೀಚರ್ ಯಜಮಾನರ ಬೆನ್ನು ಬಿದ್ದು, ಹೆಂಗಸರಿಗೆಂದೇ ವಾರಕ್ಕೊಂದು ಗಂಟೆ ಗಿಟ್ಟಿಸಿದ್ದರು. ಯಜಮಾನರದು ಒಂದೇ ಷರತ್ತು: “ಈ ಮಂಗಳವಾರ ಒಂದ್ಸಲ ನೋಡೋಣ. ನಿಮ್ಮ ಅರಿಶಿನ, ಎಣ್ಣೆಯಿಂದ ನೀರು ಕೆಡ್ತೋ, ಅವತ್ತೇ ಕೊನೆ.” ಪಾಪ, ಒಂಟಿ ಜೀವ, ಮಂಗಳವಾರ ಮುತ್ತೈದೆಯರು ಅರಿಶಿನವನ್ನು ಎಂದಿಗಿಂತ ಧಾರಾಳವಾಗಿ ಹಚ್ಚುತ್ತಾರೆಂಬುದು ಅವರ ಎಂಜಿನಿಯರಿಂಗಿನಲ್ಲಿ ಇರಲಿಲ್ಲ.

ಸೋಮವಾರ ಮಧ್ಯಾಹ್ನವಾದರೂ ನೀರು ಮಜ್ಜಿಗೆಯಂತೆ ಮಸುಕಾಗಿತ್ತು. ಇದೇ ನೆಪವಾಗಿ ನಾಳೆಯ ಗಂಟೆ ತಪ್ಪಿಹೋದರೆ ಗತಿಯೇನೆಂದು ನಾನು ಕೊಳದ ಸುತ್ತ ಸುಳಿದಾಡಿದೆ. ಸುಣ್ಣ ಬಿದ್ದಾಗ ಪಟಿಕದ ಕೆಸರು ಬೇಗ ಕೂರುವುದನ್ನು ಕಂಡಿದ್ದೆ. ಅಪ್ಪ ಊಟಕ್ಕೆ ಹೋದ ಸಂದು ನೋಡಿ, ಸುಣ್ಣದ ತೊಟ್ಟಿಯ ತಳದಲ್ಲಿ ಕೂತಿದ್ದ ಗಟ್ಟಿಯನ್ನೂ ಕಲಕಿ, ಅಪ್ಪ ಸುರಿದಿದ್ದ ಎರಡರ ಮೇಲೆ ಇನ್ನೂ ಆರು ಬಕೀಟು ಸುರಿದೆ. ಮಂಗಳವಾರ ಬೆಳಗಾದರೆ ಕೊಳ ಕನ್ನಡಿ! ಅಪ್ಪ ತನ್ನ ಅಂದಾಜಿಗೆ ತಾನೇ ಮೀಸೆ ತಿರುವಿಕೊಂಡ. ನಾನು ವಿನಯದಿಂದ ತಲೆ ತಗ್ಗಿಸಿದೆ.

ಹಳೆಯ ಸೀರೆಗಳನ್ನು ಕಚ್ಚೆ ಹಾಕಿ ಉಟ್ಟು ಎಂಟು ಮಂದಿ ಇಳಿದೆವು. ಆ ಮೊದಲ ಮುಳುಗಿನ ಸುಖವನ್ನು ವರ್ಣಿಸಲು ಈ ಫೋನಿನಲ್ಲಿ ಅಕ್ಷರಗಳಿಲ್ಲ. ಹತ್ತು ನಿಮಿಷವಾಗಿರಬೇಕು, ಖುರ್ಷಿದ್ ಟೀಚರ್ ಚೀರಿದರು: “ಅರೆ, ನಿಮ್ಮ ಮುಖಕ್ಕೆಲ್ಲ ಏನಾಯ್ತ್ರೀ?”

“ಅಯ್ಯೋ, ನಿನ್ ಕೆನ್ನೆ ನೋಡ್ಕೊಳೇ!” ಎಂದಳು ಅಮ್ಮ ನನಗೆ.

“ನಿನ್ ಹಣೆ ನೋಡ್ಕೊ ಮೊದ್ಲು!”

ಅರಿಶಿನ ಹಚ್ಚಿದ್ದ ಏಳು ಮುಖಗಳೂ ಆರತಿ ನೀರಿನಂತೆ ಕೆಂಪು. ಹಚ್ಚದಿದ್ದ ಟೀಚರ್ ಒಬ್ಬರೇ ಇದ್ದಂತೆ ಇದ್ದರು. ಗಲಾಟೆ ಕೇಳಿ ಓಡಿಬಂದ ಯಜಮಾನರು, ಸಂಸ್ಕಾರವಂತರಾದ್ದರಿಂದ, ದಾಸವಾಳದ ಬೇಲಿಯ ಹಿಂದೆ ನಿಂತೇ ತೀರ್ಪು ಕೊಟ್ಟರು: “ನಾನ್ ಹೇಳ್ಲಿಲ್ವಾ? ಅರಿಶಿನ ನೀರು ಕೆಡಿಸ್ತು. ಮುಗೀತು, ಎಲ್ರೂ ಮೇಲೆ ಬನ್ನಿ.”

ನನ್ನ ನಾಲ್ಕು ಬೇಸಿಗೆಯ ತಪಸ್ಸು ಹತ್ತು ನಿಮಿಷಕ್ಕೆ ಭಂಗವಾಯಿತು. ಎಲ್ಲರೂ ಒಣ ಸೀರೆ ಸುತ್ತಿಕೊಂಡ ಮೇಲೆ ಯಜಮಾನರೂ ಅಪ್ಪನೂ ಬೇಲಿಯ ಈಚೆ ಬಂದರು. ಅಮ್ಮ ಮಾತ್ರ ಹಿಂಜರಿಯದೆ, ಅಡುಗೆಮನೆಯಿಂದ ಅರಿಶಿನವನ್ನೂ ಬಿಳಿ ದಾರವನ್ನೂ ತರಿಸಿದಳು. ದಾರಕ್ಕೆ ಅರಿಶಿನ ಬಳಿದು, ಒಂದು ತುಂಡನ್ನು ಬಾವಿನೀರಿನ ಚೊಂಬಿಗೆ ಅದ್ದಿದಳು. ಹಳದಿ ಹಳದಿಯಾಗಿಯೇ ಉಳಿಯಿತು. ಇನ್ನೊಂದನ್ನು ಕೊಳದ ನೀರಿಗೆ ಅದ್ದಿದಳು, ಕೆಂಪಾಯಿತು.

“ಅರಿಶಿನಕ್ಕೆ ಸುಣ್ಣ ಸೇರಿದ್ರೆ ಕೆಂಪಾಗುತ್ತೆ ಅಂತ ಆರತಿ ಕಲಸೋ ಮಕ್ಳಿಗೂ ಗೊತ್ತು. ನೀರು ಮೊದ್ಲೇ ಕೆಟ್ಟಿತ್ತು ಯಜಮಾನ್ರೆ, ಚಾಡಿ ಹೇಳಿದ್ದಷ್ಟೇ ನಮ್ಮ ಅರಿಶಿನ. ಅಂದ್ಹಾಗೆ, ನಿಮ್ ಕಣ್ಣಿಗೇನಾಯ್ತು?”

ಬೆಳಗಿನ ಜಾವವೇ ಈಜಿ ಹೋಗಿದ್ದ ಯಜಮಾನರ ಕಣ್ಣುಗಳು ನಮ್ಮ ಕೆನ್ನೆಗಳೊಂದಿಗೆ ಪೈಪೋಟಿ ನಡೆಸುತ್ತಿದ್ದವು. ಉಷ್ಣ ಎಂದುಕೊಂಡು ಅವರು ಎರಡು ಲೋಟ ಬಾರ್ಲಿ ನೀರನ್ನೂ ಕುಡಿದಿದ್ದರಂತೆ.

“ಸುಣ್ಣ ಎಷ್ಟ್ ಹಾಕ್ದೆಯೋ?” ಎಂದು ಅವರು ಅಪ್ಪನತ್ತ ತಿರುಗಿದರು. ಅಪ್ಪನ ಮೀಸೆ ಇಳಿದಿತ್ತು. ಈಜು ಬೇಕಿತ್ತು ನಿಜ, ಆದರೆ ಅಪ್ಪನ ತಲೆಯ ಮೇಲೆ ಕಾಲಿಟ್ಟು ಈಜಲು ನನಗೆ ಬರುತ್ತಿರಲಿಲ್ಲ. “ಅಪ್ಪ ಹಾಕಿದ್ದು ಎರಡೇ ಬಕೀಟು. ಆರು ನಾನು ಹಾಕ್ದೆ,” ಎಂದೆ. “ನೀರು ತಿಳಿಯಾಗ್ದಿದ್ರೆ ನೀವು ನಮ್ಮನ್ನ ಇಳಿಸ್ತಿರ್ಲಿಲ್ಲ.”

ಯಜಮಾನರು ನನ್ನ ಕೆಂಪು ಮುಖ ನೋಡಿ, ಎರಡು ದಾರಗಳನ್ನೂ ಬಿಸಿಲಿಗೆ ಹಿಡಿದರು. ಆಮೇಲೆ, ಎಂಜಿನಿಯರ್ ಗೆದ್ದು ಯಜಮಾನ ಸೋತ ದನಿಯಲ್ಲಿ ಹೇಳಿದರು: “ಮಂಗಳವಾರ ಇರ್ಲಿ. ಆದ್ರೆ ಇನ್ಮೇಲೆ ನಿಮ್ಮಮ್ಮ ದಾರ ಅದ್ದಿ ಸರಿ ಅನ್ನೋವರ್ಗೂ ನಾನೂ ಇಳಿಯಲ್ಲ.”

ಪಟಿಕದ ನೀರು ಸುರಿದು, ಹೊಸ ನೀರು ಬೆರೆಸಿ ಮತ್ತೆ ಹದಕ್ಕೆ ತರಲು ಅಪ್ಪನಿಗೆ ಮೂರು ದಿನ ಹಿಡಿಯಿತು. ಕಣ್ಣು ಒಪ್ಪಿದ್ದೆಲ್ಲ ಚರ್ಮಕ್ಕೆ ಒಗ್ಗುವುದಿಲ್ಲ, ತಿಳಿಯಾಗಿ ಕಾಣುವುದು ಬೇರೆ, ಹದವಾಗಿರುವುದು ಬೇರೆ ಎಂಬ ವಿವೇಕ ನನಗೆ ಬಂದದ್ದು ಆಗಲೇ. ಮುಂದೆ ಗಂಡು ನೋಡುವಾಗಲೂ ಅದು ಉಪಯೋಗಕ್ಕೆ ಬಂತು.

ಮರುವರ್ಷದ ಬೇಸಿಗೆಯಿಂದ ಕೊಳ ತೆರೆಯುವ ದಿನ ಗಂಡಸರೆಲ್ಲ ಟವಲು ಹೆಗಲಿಗೇರಿಸಿ ದಾಸವಾಳದ ಬೇಲಿಯ ಆಚೆ ಕಾದು ನಿಲ್ಲುತ್ತಿದ್ದರು. “ಏನಮ್ಮಾ, ಆಯ್ತಾ?” ಎಂದು ಯಜಮಾನರ ದನಿ. ಅಮ್ಮ ದಾರವನ್ನು ಮತ್ತೊಮ್ಮೆ ಅದ್ದಿ, ಗಂಭೀರವಾಗಿ ದಿಟ್ಟಿಸಿ, “ಇನ್ನೂ ಸ್ವಲ್ಪ ಕೆಂಪೈತೆ, ತಡೀರಿ” ಎನ್ನುತ್ತಿದ್ದಳು. ದಾರ ಅಪ್ಪಟ ಹಳದಿಯಾಗಿರುತ್ತಿತ್ತು. ನಾನು ಮತ್ತು ಖುರ್ಷಿದ್ ಟೀಚರ್, ನಗು ಹೊರಗೆ ಕೇಳದಂತೆ ಬಾಯಿ ನೀರಲ್ಲಿ ಮುಳುಗಿಸಿ, ಇನ್ನೊಂದು ಸುತ್ತು ಹೊರಡುತ್ತಿದ್ದೆವು.