ಅರುಂಧತಿ ಕಾಣದ ಮಾಳಿಗೆ

ನಮ್ಮ ಅತ್ತೆಗೆ ಪ್ರತಿ ಬೇಸಿಗೆಯಲ್ಲೂ ಒಂದು ಪರೀಕ್ಷೆ. ಊಟ ಮುಗಿಸಿ ಮಾಳಿಗೆ ಹತ್ತಿ, ಸಪ್ತರ್ಷಿಗಳ ಸಾಲಿನಲ್ಲಿ ವಸಿಷ್ಠನ ಪಕ್ಕದ ಪುಟ್ಟ ಅರುಂಧತಿಯನ್ನು ನೋಡಿ ಕೈ ಮುಗಿದು ಇಳಿಯಬೇಕು. ಅದು ಕಣ್ಣಿಗೆ ಬೀಳದಿದ್ದರೆ ಆರು ತಿಂಗಳಲ್ಲಿ ಸಾವು ಎಂದು ಅವರ ತವರು ಕುರುಗೋಡಿನಲ್ಲಿ ಹಿರಿಯರು ನಂಬಿದ್ದರಂತೆ. ನಾನು ಇಂಥದ್ದನ್ನೆಲ್ಲ ಕಿವಿಗೆ ಹಾಕಿಕೊಳ್ಳುವವಳಲ್ಲ.

ಕಳೆದ ವರ್ಷ ಬಳ್ಳಾರಿಯ ಪಾರ್ವತಿನಗರದ ನಮ್ಮ ಬೀದಿಗೆ ಹೊಸ ಎಲ್‌ಇಡಿ ದೀಪಗಳು ಬಂದವು. ಆ ಬೇಸಿಗೆ ಅತ್ತೆ ಮಾಳಿಗೆಯಿಂದ ಇಳಿದು ಬಂದು, "ನಂದು ಮುಗೀತವ್ವ" ಎಂದರು.

"ಈ ಬೆಳಕಿನ್ಯಾಗ ಯಾರಿಗೂ ಕಾಣಂಗಿಲ್ರಿ ಅತ್ತಿ, ಸುಮ್ನ ಮಲಕ್ಕೊಳ್ರಿ" ಎಂದು ಗದರಿದೆ. ಅವರು ಕೇಳಬೇಕಲ್ಲ. ಮರುದಿನದಿಂದ ಊಟ ಅರ್ಧವಾಯಿತು. ರೇಷ್ಮೆ ಸೀರೆಗಳನ್ನು ಮಂಚದ ಮೇಲೆ ಹರವಿ, ಯಾವುದು ಯಾರಿಗೆ ಎಂದು ಹೇಳತೊಡಗಿದರು. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಹೀಗೇ ಊಟ ಬಿಟ್ಟರೆ ಆರು ತಿಂಗಳೂ ಬೇಕಾಗಿರಲಿಲ್ಲ.

ವಾರದ ನಂತರ ನಮ್ಮ ಮನೆಯವರಿಗೆ ಕಾರು ತೆಗೆಯಲು ಹೇಳಿ, ಅಲ್ಲಾದರೂ ಚುಕ್ಕಿ ಕಂಡೀತೆಂದು ಅತ್ತೆಯನ್ನು ಕುರುಗೋಡಿಗೆ ಕರೆದೊಯ್ದೆ. ಅಲ್ಲೂ ಸರ್ಕಲ್ಲಿನಲ್ಲಿ ಹೈಮಾಸ್ಟ್ ದೀಪ. ವಿದ್ಯುತ್ ಸ್ಥಾವರವಿರುವ ಕುಡತಿನಿ ಕಡೆಯ ಆಕಾಶವಂತೂ ಹೊತ್ತು ಮುಳುಗಿ ಎಷ್ಟೊತ್ತಾದರೂ ಕೆಂಪಗೇ ಇತ್ತು. ಅತ್ತೆಗೆ ತಮ್ಮೂರಿನಲ್ಲೇ ದಿಕ್ಕು ತಿಳಿಯದಾಯಿತು. ಅಲ್ಲಿಂದ ಸಿರುಗುಪ್ಪ ದಾರಿ ಹಿಡಿದೆವು. ಭತ್ತ ಕೊಯ್ದ ಗದ್ದೆಗಳ ನಡುವೆ, ಒಂದೂ ದೀಪವಿಲ್ಲದ ಕಡೆ ಮನೆಯವರು ಕಾರು ನಿಲ್ಲಿಸಿ ಲೈಟು ಆರಿಸಿದರು.

ಅಷ್ಟೊಂದು ಚುಕ್ಕಿ ನೋಡಿ ನಾನೇ ಗಲಿಬಿಲಿಗೊಂಡೆ. ಅತ್ತೆ ಬಹಳ ಹೊತ್ತು ತಲೆಯೆತ್ತಿ ನಿಂತಿದ್ದರು.

"ಐತಿ" ಎಂದರು ಕೊನೆಗೆ. "ಅಲ್ಲೇ ಐತಿ. ನಿನಗ ಕಂಡ್ತೇನು?"

ನಾನು ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ವಸಿಷ್ಠನಿದ್ದ; ಪಕ್ಕದಲ್ಲಿ ಏನೂ ಇರಲಿಲ್ಲ. ದೂರೋಣವೆಂದರೆ ಇಲ್ಲಿ ಬೀದಿದೀಪವೂ ಇರಲಿಲ್ಲ. ಇಂಥದ್ದನ್ನು ನಂಬದ ನಾನೇ ಮನಸ್ಸಿನಲ್ಲಿ ಆರು ತಿಂಗಳು ಎಣಿಸತೊಡಗಿದ್ದೆ.

"ಕಂಡ್ತ್ರಿ ಅತ್ತಿ" ಎಂದುಬಿಟ್ಟೆ.

ಸುಳ್ಳು ಅಷ್ಟು ಸಲೀಸಾಗಿ ಬಂದದ್ದೇ ನನ್ನನ್ನು ಗೊಂದಲಕ್ಕೀಡು ಮಾಡಿತು. ಅತ್ತೆಯೂ ನನ್ನ ಸಮಾಧಾನಕ್ಕೆ ಹೀಗೇ ಹೇಳಿದ್ದರೆ? ಅವರು ಕಾರಿನಲ್ಲಿ ನನ್ನ ಪಕ್ಕ ಕೂತು, "ನಾಳಿ ಕಣ್ಣಿನ ಡಾಕ್ಟರ್ ಹತ್ರ ಹೋಗಿ ಬರೋಣ" ಎಂದರು. ಯಾರ ಕಣ್ಣು ತೋರಿಸುವುದೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಳ್ಳಾರಿ ಮುಟ್ಟುವವರೆಗೂ ನನ್ನ ಕೈ ಹಿಡಿದೇ ಕೂತಿದ್ದರು.